ಟಾರ್ಚ್ ಒಮ್ಮೆ ಹತ್ತುತ್ತೆ, ಒಮ್ಮೆ ಹತ್ತಲ್ಲ. ಸೆಲ್ ಹೋಗಿದೆಯಾ, ಸ್ವಿಚ್ಚಾ?

ಪ್ರಶ್ನೆ: ದ್ರಾಕ್ಷಿ ತೋಟದ ಮನೆ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೂವರೆ ಎಕರೆ ದಿಲ್‌ಖುಷ್ ದ್ರಾಕ್ಷಿ. ತ್ರೀ ಫೇಸ್ ಕರೆಂಟ್ ರಾತ್ರಿ ಸರದಿಗೆ ಬಂದಾಗ ಅಪ್ಪ ಎರಡು ಗಂಟೆಗೆ ಎದ್ದು, ಮೋಟರ್ ಹಾಕಿ, ಗೇಟ್ ವಾಲ್ವ್ ತಿರುಗಿಸಿ ಬರುತ್ತಾರೆ. ಅವರ ಕೈಯಲ್ಲಿ ಇರುವುದು ಒಂದೇ ಒಂದು ಅಲ್ಯೂಮಿನಿಯಂ ಟಾರ್ಚ್. ಒಳಗೆ 18650 ಅನ್ನುವ ಅಳತೆಯ, ಚಾರ್ಜ್ ಮಾಡುವ ಲಿಥಿಯಂ ಸೆಲ್ ಒಂದು, ಹಿಂದಿನ ಮುಚ್ಚಳದಲ್ಲಿ ಒತ್ತುವ ಸ್ವಿಚ್. ಸಾದಾ ಟಾರ್ಚ್, ಮೋಡ್ ಗೀಡ್ ಏನೂ ಇಲ್ಲ.

ಎರಡು ತಿಂಗಳಿಂದ ಇದರ ಕಾಟ ಜಾಸ್ತಿ ಆಗಿದೆ. ಒಮ್ಮೆ ಒತ್ತಿದರೆ ಹತ್ತುತ್ತದೆ, ಒಮ್ಮೆ ನಾಲ್ಕು ಸಲ ಒತ್ತಬೇಕು. ತೊಡೆಗೆ ಬಡಿದರೆ ಬೆಳಕು ಬರುತ್ತದೆ, ಐದು ನಿಮಿಷಕ್ಕೆ ಮಂಕಾಗಿ ಆರುತ್ತದೆ. ಹೋದ ವಾರ ವಾಲ್ವ್ ಗುಂಡಿ ಹತ್ತಿರ ಅಪ್ಪ ಬಗ್ಗಿದಾಗ ಆರಿಹೋಯಿತು. ಬಡಿದು ಹತ್ತಿಸಿದಾಗ ಡ್ರಿಪ್ ಪೈಪ್ ಪಕ್ಕದಲ್ಲಿ, ಒಂದು ಮಾರು ದೂರದಲ್ಲಿ, ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತಂತೆ. ಅಪ್ಪ ಇದನ್ನು ಬೆಳಗ್ಗೆ ಕಾಫಿ ಕುಡಿಯುತ್ತಾ ಸಲೀಸಾಗಿ ಹೇಳಿದರು. ನನಗೆ ಆ ದಿನ ಊಟ ಸೇರಲಿಲ್ಲ.

ನಾನು ಮಾಡಿದ್ದು ಇಷ್ಟು. ಸೆಲ್ ಫುಲ್ ಚಾರ್ಜ್ ಮಾಡಿ ಮಲ್ಟಿಮೀಟರ್ ಇಟ್ಟರೆ 4.15 ವೋಲ್ಟ್ ತೋರಿಸುತ್ತದೆ. ಆದರೂ ಅನುಮಾನಕ್ಕೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದಿರುವ ಹೊಸ ಸೆಲ್ ತಂದೆ. ಅದರಲ್ಲಿ ಇನ್ನೂ ಬೇಗ ಆರುತ್ತದೆ. ಸ್ಪ್ರಿಂಗ್ ಸ್ವಲ್ಪ ಎಳೆದು ಉದ್ದ ಮಾಡಿದೆ. ಎರಡು ದಿನ ಸರಿಯಾಯಿತು, ಮತ್ತೆ ಅದೇ ರಾಗ. ಅಂಗಡಿಯವರು ಹೊಸದು ತಗೊಳ್ಳಿ ಅಂದರು. ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಹೊಸದು ತಂದರೆ ಅದೂ ಹೀಗೇ ಆಗಬಹುದು ಅಲ್ವಾ? ದಯವಿಟ್ಟು ತಿಳಿದವರು ಹೇಳಿ.

ಉತ್ತರ: ತೆಂಗಿನ ತೋಟ, ತಿಪಟೂರು

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು ಅಕ್ಕ. ಸೆಲ್ಲಿನ ಮುಂದುಗಡೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಚಿ ಇಟ್ಟೆವು. ಆಮೇಲೆ ತೊಂದರೆ ಬಂದಿಲ್ಲ.

ಉತ್ತರ: ಮೋಟರ್ ರೀವೈಂಡಿಂಗ್, ಕೋಲಾರ

ತಿಪಟೂರಿನ ತಮ್ಮ, ಬೇಜಾರು ಮಾಡಿಕೊಳ್ಳಬೇಡಿ, ಆ ಕಾಗದ ಇವತ್ತೇ ತೆಗೆದುಬಿಡಿ. 18650 ಸೆಲ್ಲಿನ ತಲೆಯಲ್ಲಿ ನಡುವೆ ಪ್ಲಸ್, ಅದರ ಸುತ್ತ ಇರುವ ಅಂಚು ಮೈನಸ್. ಎರಡಕ್ಕೂ ನಡುವೆ ಇರುವುದು ತೆಳು ಪ್ಲಾಸ್ಟಿಕ್ ಸಿಪ್ಪೆ ಮತ್ತು ಒಂದು ಸಣ್ಣ ಬಿಲ್ಲೆ. ಕಾಗದ ಸ್ವಲ್ಪ ಸರಿದು ಎರಡಕ್ಕೂ ತಾಗಿದರೆ ಸೆಲ್ ಶಾರ್ಟ್ ಆಗುತ್ತದೆ. ಲಿಥಿಯಂ ಸೆಲ್ ಶಾರ್ಟ್ ಆದರೆ ಹಳೆ ಕಾಲದ ಸೆಲ್ಲಿನ ಹಾಗೆ ಸುಮ್ನೆ ಬಿಸಿಯಾಗಿ ನಿಲ್ಲುವುದಿಲ್ಲ. ಮುಚ್ಚಿದ ಲೋಹದ ಕೊಳವೆಯೊಳಗೆ ಸಿಡಿಯಬಹುದು.

ಈಗ ನೋಡಮ್ಮ, ಬರೀ ಸೆಲ್ಲಿಗೆ ಮೀಟರ್ ಇಟ್ಟು 4.15 ನೋಡಿದರೆ ಟಾರ್ಚಿನೊಳಗೆ ಕರೆಂಟ್ ಹರಿಯುವ ದಾರಿಯ ಸ್ಥಿತಿ ಗೊತ್ತಾಗುವುದಿಲ್ಲ. ಟಾರ್ಚ್ ಹತ್ತಿದಾಗ ಸುಮಾರು ಒಂದು ಆಂಪಿಯರ್ ಹರಿಯುತ್ತದೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಓಮ್ ತಡೆ ಇದ್ದರೆ ಒಂದು ವೋಲ್ಟ್ ಅಲ್ಲೇ ತಿಂದು ಹೋಯಿತು. ಸೆಲ್ 3.7ಕ್ಕೆ ಇಳಿದಾಗ ದೀಪಕ್ಕೆ ಸಿಗುವುದು 2.7. ಬಿಳಿ ಎಲ್‌ಇಡಿ ಚೆನ್ನಾಗಿ ಉರಿಯಲು 3 ವೋಲ್ಟ್ ಆಸುಪಾಸು ಬೇಕು. ಅದಕ್ಕೇ ಮೊದಲು ಮಂಕು, ಆಮೇಲೆ ಕತ್ತಲೆ. ಬಡಿದಾಗ ತಡೆ ಒಂದು ಗಳಿಗೆ ಕಮ್ಮಿಯಾಗುತ್ತದೆ, ಬೆಳಕು ಬರುತ್ತದೆ.

ಮೊದಲು ಒಂದೇ ಒಂದು ಪರೀಕ್ಷೆ ಮಾಡಿ. ಹಿಂದಿನ ಮುಚ್ಚಳ ಬಿಚ್ಚಿಡಿ. ಸೆಲ್ ಒಳಗೇ ಇರಲಿ. ಒಂದು ತುಂಡು ತಾಮ್ರದ ತಂತಿಯ ಒಂದು ತುದಿಯನ್ನು ಸೆಲ್ಲಿನ ಮೈನಸ್‌ಗೆ, ಇನ್ನೊಂದು ತುದಿಯನ್ನು ಕೊಳವೆಯ ಬರಿ ಅಂಚಿಗೆ ಒತ್ತಿ ಹಿಡಿಯಿರಿ. ದೀಪ ಅಲುಗಾಡದೆ ಉರಿದರೆ ಮುಂದಿನ ಭಾಗ, ಸೆಲ್ ಎರಡೂ ಸರಿ. ರೋಗ ಮುಚ್ಚಳದಲ್ಲಿದೆ. ಆಗಲೂ ಮಿಣುಕಿದರೆ ತಲೆ ಭಾಗದ ಕಡೆ ನೋಡಬೇಕು.

ಇನ್ನೊಂದು ಮಾತು. ಟಾರ್ಚ್ ದಿನಾ ಎಲ್ಲಿ ಇಡುತ್ತೀರಿ?

ಪ್ರಶ್ನೆ ಕೇಳಿದವರು:

ಅಣ್ಣ, ತಂತಿ ಇಟ್ಟ ತಕ್ಷಣ ದೀಪ ಹಗಲಿನ ಹಾಗೆ ಉರಿಯಿತು! ಟಾರ್ಚ್ ಎಷ್ಟು ಅಲ್ಲಾಡಿಸಿದರೂ ಆರಲಿಲ್ಲ. ಅಂದರೆ ಮುಚ್ಚಳವೇ.

ಟಾರ್ಚ್ ಇರುವುದು ಪಂಪ್ ಮನೆಯ ಮೊಳೆಯಲ್ಲಿ. ಕೆಳಗೆ ಬೂದಿ ರೋಗಕ್ಕೆ ಹೊಡೆಯುವ ಗಂಧಕದ ಚೀಲ ಇರುತ್ತದೆ. ಯಾಕೆ ಕೇಳಿದಿರಿ?

ಉತ್ತರ: ಮೋಟರ್ ರೀವೈಂಡಿಂಗ್, ಕೋಲಾರ

ಅನುಮಾನ ಅದೇ ಇತ್ತು. ಗಂಧಕ ತಾಕಿದರೆ ತಾಮ್ರ, ಹಿತ್ತಾಳೆ ಕಪ್ಪಾಗುತ್ತದೆ. ಆ ಕಪ್ಪು ಪೊರೆ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ದ್ರಾಕ್ಷಿ, ಗುಲಾಬಿ ಬೆಳೆಯುವವರ ಮನೆಯ ಸ್ಟಾರ್ಟರ್ ಬಾಕ್ಸಿನಲ್ಲೂ ಇದನ್ನು ನೋಡಿದ್ದೇನೆ.

ಮುಚ್ಚಳದೊಳಗೆ ಇಣುಕಿ. ಸ್ಪ್ರಿಂಗ್ ಸುತ್ತ ಒಂದು ಬಳೆ, ಅದರಲ್ಲಿ ಎದುರುಬದರು ಎರಡು ತೂತು ಇರುತ್ತವೆ. ಮಕ್ಕಳ ಜಾಮೆಟ್ರಿ ಬಾಕ್ಸಿನ ಡಿವೈಡರ್ ತೂತಿಗೆ ಸಿಕ್ಕಿಸಿ ತಿರುಗಿಸಿ. ಬಳೆ ಸಡಿಲವಾಗಿದ್ದರೆ ಅದೇ ಅರ್ಧ ಕಾಯಿಲೆ. ಪೂರ್ತಿ ಬಿಚ್ಚಿ, ಬಳೆ ಮತ್ತು ಕೊಳವೆಯ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಉಜ್ಜಿ. ಆಮೇಲೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದಲ್ಲಿ ಹತ್ತಿ ಅದ್ದಿ ಒರೆಸಿ. ಚೆನ್ನಾಗಿ ಒಣಗಿದ ಮೇಲೆ ಸೆಲ್ ಹಾಕಿ. ಉಪ್ಪುಕಾಗದ ಬೇಡ, ಮೇಲಿನ ಲೇಪ ಹೋದರೆ ಇನ್ನೂ ಬೇಗ ಕಪ್ಪಾಗುತ್ತದೆ. ಮುಚ್ಚಳ ತಿರುಗಿಸುವ ತಿರುಪಿನ ಹಲ್ಲಿಗೆ ಕೊಬ್ಬರಿ ಎಣ್ಣೆ ಸವರಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ರಬ್ಬರ್ ರಿಂಗಿಗೆ ಒಂದು ಚೂರು ಸಿಲಿಕೋನ್ ಗ್ರೀಸ್ ಸಾಕು.

ಉತ್ತರ: ರೇಷ್ಮೆ ಮನೆ, ಶಿಡ್ಲಘಟ್ಟ

ಅಕ್ಕ, ಆ 9900 ಸೆಲ್ಲನ್ನು ತೂಕ ಹಾಕಿ ನೋಡಿ. ಒಳ್ಳೆಯ ಕಂಪನಿಯ 18650 ಸುಮಾರು 45 ಗ್ರಾಂ ಇರುತ್ತದೆ, ಅದರ ನಿಜವಾದ ಶಕ್ತಿ ಹೆಚ್ಚೆಂದರೆ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. ಈ ಅಳತೆಯ ಸೆಲ್ಲಿನಲ್ಲಿ 9900 ಹಿಡಿಯುವುದೇ ಇಲ್ಲ. ಹಳೆ ಸೆಲ್ಲಿನ ಸಿಪ್ಪೆ ಹರಿದಿದೆಯಾ ಅಂತಲೂ ನೋಡಿ. ಹರಿದಿದ್ದರೆ ಬಳಸಬೇಡಿ.

ಪ್ರಶ್ನೆ ಕೇಳಿದವರು:

ಇವತ್ತು ಭಾನುವಾರ, ಬೆಳಗ್ಗೆಯೇ ಕೂತೆ. ಬಳೆ ಎರಡು ಸುತ್ತು ಸಡಿಲವಾಗಿತ್ತು! ಬಿಚ್ಚಿ ನೋಡಿದರೆ ಹಿತ್ತಾಳೆಯ ಬಣ್ಣವೇ ಇಲ್ಲ, ದೀಪದ ಕುಡಿಯ ಮಸಿ ಅಂಟಿದ ಹಾಗೆ ಇತ್ತು. ಅಮ್ಮ ಹುಣಸೆಹಣ್ಣು ಹಚ್ಚೋಣ, ದೇವರ ಪಾತ್ರೆ ಹಾಗೆ ಬೆಳಗುತ್ತದೆ ಅಂದರು. ಹುಳಿ ಸ್ಪ್ರಿಂಗ್ ಸಂದಿಯಲ್ಲಿ ಉಳಿದರೆ ಕಷ್ಟ ಅಂತ ನಾನು ರಬ್ಬರ್‌ನಲ್ಲೇ ಉಜ್ಜಿದೆ. ಹತ್ತು ನಿಮಿಷಕ್ಕೆ ಹಳದಿ ಹೊಳಪು ಬಂತು. ರಬ್ಬರ್ ಪುಡಿಯೆಲ್ಲ ಕಪ್ಪು.

ಉಜ್ಜುವ ಮೊದಲು ಸ್ವಿಚ್ ಆನ್ ಮಾಡಿ ಸ್ಪ್ರಿಂಗ್‌ಗೂ ಬಳೆಗೂ ಮೀಟರ್ ಇಟ್ಟಿದ್ದೆ. ಒಮ್ಮೆ 0.8 ಓಮ್, ಒಮ್ಮೆ 2.3, ಒತ್ತಿದಾಗಲೆಲ್ಲ ಬೇರೆ ಬೇರೆ. ಈಗ 0.2. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೂ 0.2 ಬರುತ್ತದೆ. ಅಂದರೆ ಮುಚ್ಚಳದಲ್ಲಿ ತಡೆ ಇಲ್ಲವೇ ಇಲ್ಲ ಅನ್ನಬಹುದು.

ಕಿರಾಣಿ ಅಂಗಡಿ ತಕ್ಕಡಿಯಲ್ಲಿ 9900 ಸೆಲ್ 29 ಗ್ರಾಂ ಬಂತು, ಹಳೆಯದು 46. ಹಳೆಯದರ ಸಿಪ್ಪೆ ಚೆನ್ನಾಗಿದೆ, ಅದನ್ನೇ ಹಾಕಿದೆ. ಇನ್ನೊಂದನ್ನು ಕಸಕ್ಕೆ ಹಾಕದೆ, ಎರಡೂ ತುದಿಗೆ ಟೇಪ್ ಸುತ್ತಿ ಇಟ್ಟಿದ್ದೇನೆ. ಚಿಕ್ಕಬಳ್ಳಾಪುರದಲ್ಲಿ ಇಂಥದ್ದನ್ನು ತಗೊಳ್ಳುವವರು ಯಾರಾದರೂ ಇದ್ದರೆ ತಿಳಿಸಿ.

ಟಾರ್ಚ್ ಈಗ ಅಡುಗೆ ಮನೆ ಬಾಗಿಲ ಪಕ್ಕದ ಮೊಳೆಗೆ ಬಂದಿದೆ. ಅಪ್ಪ ಸಂಜೆಯಿಂದ ನಾಲ್ಕೈದು ಸಲ ಒತ್ತಿ ನೋಡಿದರು. ಪ್ರತಿ ಸಲವೂ ಒಂದೇ ಒತ್ತಿಗೆ ಹತ್ತಿತು. ನಾಳೆ ರಾತ್ರಿ ಸರದಿ ಇದೆ, ವಾಲ್ವ್ ತನಕ ನಾನೂ ಜೊತೆಗೆ ಹೋಗಿ ಬರುತ್ತೇನೆ. ಕೋಲಾರದ ಅಣ್ಣನಿಗೆ, ಶಿಡ್ಲಘಟ್ಟದವರಿಗೆ ತುಂಬಾ ಥ್ಯಾಂಕ್ಸ್. ತಿಪಟೂರಿನವರು ಕಾಗದ ತೆಗೆದಿರಾ?

ಉತ್ತರ: ತೆಂಗಿನ ತೋಟ, ತಿಪಟೂರು

ತೆಗೆದೆ ಅಕ್ಕ. ಒಂದು ಅಂಚು ಸುಟ್ಟು ಕಂದಾಗಿತ್ತು.