ಶರ್ಟ್ ಗಟ್ಟಿಯಾಗಿದೆ, ಕಾಲರ್ ಮಾತ್ರ ಸವೆದಿದೆ. ಉಳಿಸಿಕೊಳ್ಳಬಹುದಾ?

ಪೀಣ್ಯದ ಹುಡುಗ:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಕೆಲಸ, ಒಂದೇ ರೂಮು, ವಾಷಿಂಗ್ ಮೆಷಿನ್ ಇಲ್ಲ. ಲಾಂಡ್ರಿಗೇ ತಿಂಗಳಿಗೆ 800 ರೂಪಾಯಿ ಹೋಗುತ್ತಿತ್ತು. ಊರಿಗೂ ದುಡ್ಡು ಕಳಿಸಬೇಕು. ಹಾಗಾಗಿ ಈ ತಿಂಗಳಿಂದ ನಾನೇ ಒಗೆಯುತ್ತಿದ್ದೇನೆ. ಆದರೆ ಬೋರ್‌ವೆಲ್ ನೀರಿಗೆ ಸೋಪು ನೊರೆಯೇ ಬರುವುದಿಲ್ಲ. ಬಿಳಿ ಶರ್ಟ್ ಮೇಲೆ ಸಾಂಬಾರ್ ಬಿತ್ತು, ಸೋಪು ಹಚ್ಚಿದರೆ ಹಳದಿ ಕಲೆ ಕೆಂಪಾಗಿಬಿಟ್ಟಿತು! ಇನ್ನು ಎರಡು ಒಳ್ಳೆಯ ಶರ್ಟ್‌ಗಳ ಕಾಲರ್ ಮಡಿಕೆಯ ಹತ್ತಿರ ಎಳೆ ಎದ್ದಿದೆ. ಎಸೆಯಲು ಮನಸ್ಸಿಲ್ಲ. ಏನು ಮಾಡಲಿ?

ಗದಗಿನ ಅಕ್ಕ:
ತಮ್ಮಾ, ಎಸೆಯಬೇಡ. ಕಾಲರ್ ತಿರುವಿ ಹಾಕು. ನಮ್ಮ ಅಪ್ಪ ಕನ್ನಡ ಶಾಲೆಯ ಮಾಸ್ತರರು, ಇದ್ದದ್ದು ನಾಲ್ಕೇ ಅಂಗಿ. ಕಾಲರ್ ಒಂದು ಸಲ ತಿರುವಿದ ಮೇಲೇ ಹೊಸ ಅಂಗಿಯ ಮಾತು. ಅವ್ವ ನನಗೂ ಕಲಿಸಿದಳು.

ಕುತ್ತಿಗೆ ಸುತ್ತ, ಮೇಲಿನ ಗುಂಡಿ ಇರುವ ಪಟ್ಟಿ ಇದೆಯಲ್ಲ? ಕಾಲರ್ ಅದರೊಳಗೆ ಸೇರುವ ಕಡೆಯ ಹೊಲಿಗೆಯನ್ನಷ್ಟೇ ಬ್ಲೇಡಿನ ತುದಿಯಿಂದ ನಿಧಾನವಾಗಿ ಬಿಚ್ಚು. ಪಟ್ಟಿಯನ್ನು ಅಂಗಿಯಿಂದ ಬಿಡಿಸಬೇಡ. ಬಿಚ್ಚುವ ಮೊದಲೇ ಕಾಲರಿನ ನಟ್ಟನಡುವೆ ಒಂದು, ಪಟ್ಟಿಯ ನಟ್ಟನಡುವೆ ಒಂದು ಬಣ್ಣದ ದಾರದಲ್ಲಿ ಗುರುತು ಮಾಡಿಕೋ. ನಾನು ಮೊದಲ ಸಲ ಗುರುತು ಮಾಡದೆ ಹೊಲಿದು, ಒಂದು ಕಡೆ ಅರ್ಧ ಬೆರಳು ಜಾಸ್ತಿ ಬಂದು, ಪೂರಾ ಬಿಚ್ಚಬೇಕಾಯಿತು.

ಬಿಚ್ಚಿದ ಬಾಯಿಯಿಂದ ಸವೆದ ಜಾಗದ ಅಡಿಗೆ ಹಳೇ ಪಂಚೆಯ ತುಂಡು ತೂರಿಸಿ, ಮೇಲೆ ಸಣ್ಣ ಸಣ್ಣ ಹೊಲಿಗೆ ಹಾಕು. ಆಮೇಲೆ ಕಾಲರ್ ಮಗುಚಿ, ಸವೆದ ಮಗ್ಗುಲು ಒಳಗೆ ಹೋಗುವಂತೆ ಪಟ್ಟಿಯೊಳಗೆ ಕೂರಿಸಿ, ಹಳೇ ತೂತುಗಳಲ್ಲೇ ಸೂಜಿ ಇಳಿಸು.

ಕೆಂಪು ಕಲೆಗೆ ಹೆದರಬೇಡ. ಆರತಿ ನೀರಿಗೆ ಅರಿಸಿನ, ಸುಣ್ಣ ಕಲಸಿದರೆ ಕೆಂಪಾಗುತ್ತದಲ್ಲ, ಸೋಪು ತಾಗಿದರೂ ಹಾಗೇ. ಸೋಪೆಲ್ಲ ಹೋಗುವಂತೆ ಜಾಲಿಸು, ಮತ್ತೆ ಹಳದಿಯಾಗುತ್ತದೆ. ಒದ್ದೆ ಇರುವಾಗಲೇ ಬಿಸಿಲಿಗೆ ಹಾಕು. ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಯಲಹಂಕದಿಂದ:
ನಮ್ಮದೂ ಬೋರ್‌ವೆಲ್ ನೀರೇ. ಗಡುಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ. ಅದು ಬಟ್ಟೆಗೆ ಅಂಟಿಕೊಂಡು ಬಿಳಿ ಬಟ್ಟೆ ಮಂಕಾಗುತ್ತದೆ. ಸೋಪು ಜಾಸ್ತಿ ತಿಕ್ಕಿ ಪ್ರಯೋಜನವಿಲ್ಲ. ಡಿಟರ್ಜೆಂಟ್ ಪುಡಿ ಬಳಸಿ, ಅರ್ಧ ಗಂಟೆ ನೆನೆಸಿ. ಕಾವೇರಿ ನೀರು ಸಿಕ್ಕಿದ ದಿನ ಬಿಳಿ ಬಟ್ಟೆ ಒಗೆದುಬಿಡಿ.

ಪೀಣ್ಯದ ಹುಡುಗ:
ಅಕ್ಕಾ, ಭಾನುವಾರ ಕೂತು ಒಂದು ಕಾಲರ್ ತಿರುವಿದೆ. ಮೂರು ಗಂಟೆ ಹಿಡಿಯಿತು, ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು. ಆದರೆ ಸೋಮವಾರ ಅದೇ ಶರ್ಟ್ ಹಾಕಿಕೊಂಡು ಕೆಲಸಕ್ಕೆ ಹೋದೆ! ಎರಡು ಬಿಸಿಲಿಗೆ ಸಾಂಬಾರ್ ಕಲೆಯೂ ಕಾಣದಷ್ಟಾಗಿದೆ. ಫೋಟೋ ಊರಿಗೆ ಕಳಿಸಿದೆ, ಅಮ್ಮ ನಂಬಲೇ ಇಲ್ಲ.

ಗದಗಿನ ಅಕ್ಕ:
ಓದಿ ಕಣ್ಣು ತುಂಬಿ ಬಂತು ತಮ್ಮಾ. ಇನ್ನೊಂದು ಮಾತು. ಆ ಕಾಲರಿಗೆ ಇನ್ನು ಬ್ರಷ್ ಹಾಕಬೇಡ. ಇನ್ನೊಂದು ಸಲ ತಿರುವಲು ಆಗುವುದಿಲ್ಲ. ಪುಡಿ ಸ್ವಲ್ಪ ಒದ್ದೆ ಮಾಡಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಲ್ಲೇ ಉಜ್ಜು.