ಸ್ಪಾರ್ಕ್-64ರಲ್ಲಿ ಲಾಕ್ ಬಿಡಿಸಲು ಹೋದರೆ ಇಅಗೇನ್ ದೋಷ ಬರುತ್ತಿದೆ

ಪ್ರಶ್ನೆ

ಸಿ ಅಲ್ಲದ ಭಾಷೆಯೊಂದರಿಂದ ಲಿನಕ್ಸ್‌ನ ಸಿಸ್ಟಂ ಲೈಬ್ರರಿಯನ್ನು ನೇರವಾಗಿ ಕರೆಯುವ ಸಣ್ಣ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಒಂದೇ ಫೈಲಿಗೆ ಹಲವು ಪ್ರೊಸೆಸ್‌ಗಳು ಒಟ್ಟಿಗೆ ಬರೆಯದಂತೆ ಅದು ಎಫ್‌ಸಿಎನ್‌ಟಿಎಲ್ (ತೆರೆದ ಫೈಲಿನ ಮೇಲೆ ಲಾಕ್‌ನಂಥ ಕೆಲಸಗಳನ್ನು ಕರ್ನಲ್‌ನಿಂದ ಮಾಡಿಸುವ ಕರೆ) ಮೂಲಕ ಲಾಕ್ ಹಾಕುತ್ತದೆ. ಎಕ್ಸ್86-64 ಮತ್ತು ಆರ್ಮ್ ಯಂತ್ರಗಳಲ್ಲಿ ಎಂದೂ ತೊಂದರೆಯಾಗಿಲ್ಲ. ಸ್ಪಾರ್ಕ್-64 ಎಂಬ ಪ್ರೊಸೆಸರ್ ಬಗೆಗಾಗಿ ಇರುವ ಡೆಬಿಯನ್ ಲಿನಕ್ಸ್‌ನ ಪೋರ್ಟ್‌ನಲ್ಲಿ ಮಾತ್ರ ಎರಡು ಪ್ರೊಸೆಸ್‌ಗಳಿಗೂ ಏಕಕಾಲದಲ್ಲಿ ಬರೆಯುವ ಲಾಕ್ ಸಿಕ್ಕಿಬಿಡುತ್ತದೆ. ಬಿಡಿಸಲು ಹೋದರೆ ‘ಇಅಗೇನ್’ ಎಂಬ ದೋಷ ಬರುತ್ತದೆ. ಓದುವ ಲಾಕ್ ಕೇಳಿದರೆ ‘ಇಇನ್‌ವಾಲ್’ (ಕೊಟ್ಟ ಮೌಲ್ಯ ಸರಿಯಿಲ್ಲ) ಬರುತ್ತದೆ. ಲಾಕ್ ಬಿಡಿಸುವ ಕೆಲಸಕ್ಕೆ ‘ಆಮೇಲೆ ಬಾ’ ಎನ್ನುವ ಇಅಗೇನ್ ಉತ್ತರ ಹೇಗೆ ಬರುತ್ತದೆ ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ಲಾಕಿನ ವಿವರ ತುಂಬಿ ಕಳಿಸುವ ಸ್ಟ್ರಕ್ಟ್‌ನ ಅಳತೆ ಎರಡೂ ಕಡೆ 32 ಬೈಟ್ ಇದೆ, ಎಫ್‌ಸಿಎನ್‌ಟಿಎಲ್‌ಗೆ ಕೊಡುವ ಕಮಾಂಡ್ ಸಂಖ್ಯೆಗಳನ್ನು ಆಯಾ ಆರ್ಕಿಟೆಕ್ಚರ್‌ನ ಹೆಡರ್‌ನಿಂದಲೇ (ಇಂಥ ಸಂಖ್ಯೆಗಳನ್ನು ಬರೆದಿಟ್ಟಿರುವ ಸಿ ಫೈಲ್) ತೆಗೆದುಕೊಂಡಿದ್ದೇನೆ.

ಉತ್ತರ 1

ಕಮಾಂಡ್ ಸಂಖ್ಯೆಗಳು ಸರಿ, ಸ್ಟ್ರಕ್ಟ್‌ನಲ್ಲಿ ಲಾಕಿನ ಬಗೆ ಹೇಳುವ ಎಲ್_ಟೈಪ್‌ಗೆ ತುಂಬುವ ಸಂಖ್ಯೆಗಳು ಎಲ್ಲಿಂದ ಬಂದವು? ಎಕ್ಸ್86ರಲ್ಲಿ ಓದುವ ಲಾಕ್ 0, ಬರೆಯುವ ಲಾಕ್ 1, ಬಿಡಿಸುವುದು 2. ಸ್ಪಾರ್ಕ್‌ನಲ್ಲಿ ಇವೇ ಕ್ರಮವಾಗಿ 1, 2, 3. ಹಾಗಾಗಿ ನೀವು ಬರೆಯುವ ಲಾಕ್ ಎಂದು ಕಳಿಸಿದ 1 ಅಲ್ಲಿ ಓದುವ ಲಾಕ್ ಆಗುತ್ತದೆ, ಅದು ಎಷ್ಟು ಜನರಿಗೆ ಬೇಕಾದರೂ ಸಿಗುತ್ತದೆ. ಬಿಡಿಸಲೆಂದು ಕಳಿಸಿದ 2 ಬರೆಯುವ ಲಾಕಿನ ಬೇಡಿಕೆಯಾಗುತ್ತದೆ. ಇನ್ನೊಂದು ಪ್ರೊಸೆಸ್ ಓದುವ ಲಾಕ್ ಹಿಡಿದು ಕುಳಿತಿರುವಾಗ ಕರ್ನಲ್ ಇಅಗೇನ್ ಎನ್ನದೆ ಮತ್ತೇನು ಹೇಳೀತು? 0 ಅಲ್ಲಿ ಯಾವ ಲಾಕೂ ಅಲ್ಲ, ಅದಕ್ಕೇ ಇಇನ್‌ವಾಲ್. ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿ. ಅದು ಎಲ್_ಟೈಪ್ ಅನ್ನು ಹೆಸರಿನಲ್ಲೇ ತೋರಿಸುತ್ತದೆ.

ಪ್ರಶ್ನೆ ಕೇಳಿದವರು

ಹಿಡಿದಿರಿ. ಕಮಾಂಡ್‌ಗಳಿಗೆ ಪ್ರತ್ಯೇಕ ಪಟ್ಟಿ ಇಟ್ಟು, ಲಾಕಿನ ಬಗೆಗಳನ್ನು ಮಾತ್ರ ಎಲ್ಲರಿಗೂ ಸಾಮಾನ್ಯವಾದ ಫೈಲಿನಲ್ಲಿ ಬರೆದಿದ್ದೆ. ಬರೆಯುವ ಲಾಕ್ ಹಾಕಿ ನಿಲ್ಲಿಸಿ ಸದ್ಯ ಇರುವ ಲಾಕ್‌ಗಳನ್ನು ಕರ್ನಲ್ ಪಟ್ಟಿ ಮಾಡುವ ಪ್ರೊಕ್-ಲಾಕ್ಸ್ ಫೈಲನ್ನು ತೆರೆದರೆ, ನನ್ನ ಪ್ರೊಸೆಸ್‌ನ ಸಾಲಿನಲ್ಲಿ ‘ರೀಡ್’ ಎಂದಿದೆ. ಪರೀಕ್ಷೆಗಳು ಇಷ್ಟು ದಿನ ಪಾಸಾಗುತ್ತಿದ್ದುದಕ್ಕೂ ಕಾರಣ ತಿಳಿಯಿತು: ಪ್ರೊಸೆಸ್ ಒಂದೇ ಇದ್ದಾಗ ಆ ತಪ್ಪು ಬೇಡಿಕೆ ಯಶಸ್ವಿಯಾಗುತ್ತದೆ, ಫೈಲ್ ಮುಚ್ಚಿದಾಗ ಲಾಕ್ ತಾನಾಗಿ ಹೋಗುತ್ತದೆ. ಈ ಗೋಜಲೇ ಬೇಡವೆಂದು, ಕಮಾಂಡ್ ಸಂಖ್ಯೆ ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಒಂದೇ ಆಗಿರುವ ಓಎಫ್‌ಡಿ ಲಾಕ್‌ಗಳಿಗೆ (ಪ್ರೊಸೆಸ್‌ಗೆ ಬದಲು ತೆರೆದ ಫೈಲಿಗೆ ಸೇರಿದ ಲಾಕ್) ಹೋದರೆ ಹೇಗೆ?

ಉತ್ತರ 2

ಲಿನಕ್ಸ್ 3.15ರಿಂದ ಇರುವ ಆ ಕಮಾಂಡ್‌ಗಳು ಎಲ್ಲ ಕಡೆ 36, 37, 38 ಎಂಬುದು ನಿಜ, ಆದರೆ ಎಲ್_ಟೈಪ್ ಹಳೆಯದೇ. ನಿಮ್ಮ ದೋಷ ಹಾಗೆಯೇ ಉಳಿಯುತ್ತದೆ. ಜೊತೆಗೆ ಸ್ಟ್ರಕ್ಟ್‌ನಲ್ಲಿ ಪ್ರೊಸೆಸ್ ಸಂಖ್ಯೆಯ ಜಾಗವಾದ ಎಲ್_ಪಿಡ್ ಸೊನ್ನೆ ಇರಬೇಕು ಎಂಬ ಹೊಸ ನಿಬಂಧನೆಯೂ ಸೇರಿಕೊಳ್ಳುತ್ತದೆ. ಲಿನಕ್ಸ್‌ನ ಸ್ಪಾರ್ಕ್ ಪೋರ್ಟ್ ಆ ಯಂತ್ರಗಳ ಹಳೆಯ ಯುನಿಕ್ಸ್ ಆದ ಸನ್‌ಓಎಸ್‌ನ ಸಂಖ್ಯೆಗಳನ್ನೂ, ಆಲ್ಫಾ ಪೋರ್ಟ್ ಹಾಗೆಯೇ ಓಎಸ್‌ಎಫ್/1ರ ಸಂಖ್ಯೆಗಳನ್ನೂ ಉಳಿಸಿಕೊಂಡವು. ಆಲ್ಫಾದಲ್ಲಿ ಬಿಡಿಸುವುದು 3 ಕೂಡ ಅಲ್ಲ, 8. ಪಿಎ-ರಿಸ್ಕ್‌ನಲ್ಲಿ 1, 2, 3. ಮಿಪ್ಸ್‌ನಲ್ಲಿ ಬಗೆಗಳು ಎಕ್ಸ್86ರಂತೆಯೇ ಇದ್ದರೂ ಲಾಕ್ ವಿಚಾರಿಸುವ ಕಮಾಂಡ್ 5ರ ಬದಲು 14. ಆದ್ದರಿಂದ ಕೈಯಲ್ಲಿ ಯಾವ ಸಂಖ್ಯೆಯನ್ನೂ ಬರೆಯದೆ, ಬಿಲ್ಡ್ ಆಗುವಾಗಲೇ ಪುಟ್ಟ ಸಿ ಪ್ರೋಗ್ರಾಂ ಓಡಿಸಿ ಹೆಡರ್‌ನಿಂದ ಎಲ್ಲವನ್ನೂ, ಸ್ಟ್ರಕ್ಟ್‌ನ ಆಫ್‌ಸೆಟ್‌ಗಳನ್ನೂ ಸೇರಿಸಿ, ಹೊರತೆಗೆಯಿರಿ.

ಪರೀಕ್ಷೆಗೆ, ಬೇರೆ ಪ್ರೊಸೆಸರ್ ಅನ್ನು ಅನುಕರಿಸುವ ಕ್ಯೂಎಮುವಿನ ಯೂಸರ್ ಮೋಡ್ (ಪೂರ್ತಿ ಯಂತ್ರದ ಬದಲು ಒಂದು ಪ್ರೋಗ್ರಾಂ ಅನ್ನಷ್ಟೇ ಓಡಿಸುವ ಬಗೆ) ಅನ್ನು ಮಾತ್ರ ನಂಬಬೇಡಿ. ಅದು ಈ ಸಂಖ್ಯೆಗಳನ್ನು ಹೋಸ್ಟ್ ಕರ್ನಲ್‌ಗೆ ಹೊಂದುವಂತೆ ತಾನೇ ಬದಲಿಸಿ ಕಳಿಸುವುದರಿಂದ ತಪ್ಪು ನಿಮ್ಮದೋ ಅದರದ್ದೋ ತಿಳಿಯದಂತಾಗುತ್ತದೆ. ನಿಧಾನವಾದರೂ ಪೂರ್ತಿ ಸಿಸ್ಟಂ ಮೋಡ್ ಓಡಿಸಿ, ಇಲ್ಲವೇ ಮುಕ್ತ ತಂತ್ರಾಂಶ ಬರೆಯುವವರಿಗೆ ಜಿಸಿಸಿ ಕಂಪೈಲ್ ಫಾರ್ಮ್ ಕೊಡುವ ಸ್ಪಾರ್ಕ್ ಯಂತ್ರದಲ್ಲಿ ಖಾತೆ ಕೇಳಿ.

ಪ್ರಶ್ನೆ ಕೇಳಿದವರು

ಹೆಡರ್‌ನಿಂದಲೇ ತೆಗೆಯುವಂತೆ ಬದಲಿಸಿದೆ. ಮೂರೂ ದೋಷಗಳು ಹೋದವು. ಎರಡು ಪ್ರೊಸೆಸ್‌ಗಳು ಒಂದೇ ಫೈಲಿಗೆ ಪೈಪೋಟಿ ನಡೆಸುವ ಪರೀಕ್ಷೆಯೊಂದನ್ನೂ ಸೇರಿಸಿದ್ದೇನೆ.