ಶಾಲೆಗೆ ಬಂದ ದೇಣಿಗೆ: ಅಭ್ಯಾಸ ಪುಸ್ತಕ ಕೊಳ್ಳಬೇಕೇ, ಕಲಿಕಾ ಸಾಮಗ್ರಿಯೇ?

ಹೊಸನಗರ ಪೋಷಕ: ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಇಪ್ಪತ್ತು ಸಾವಿರ ರೂಪಾಯಿ ಕೊಟ್ಟಿದ್ದಾರೆ. ಐದು ತರಗತಿ, ಇಬ್ಬರೇ ಶಿಕ್ಷಕರು. ನಾಲ್ಕು, ಐದನೇ ತರಗತಿಯವರಿಗೆ 52ರಲ್ಲಿ 27 ಕಳೆಯಿರಿ ಎಂದರೆ ಸುಮಾರು ಮಕ್ಕಳು 35 ಎಂದು ಬರೆಯುತ್ತಾರೆ. ಬೋರ್ಡಿನ ಮೇಲಿರುವುದನ್ನು ಅಂದವಾಗಿ ನಕಲು ಮಾಡುತ್ತಾರೆ, ಸ್ವಂತವಾಗಿ ಮೂರು ವಾಕ್ಯ ಬರೆಯಲು ತಡವರಿಸುತ್ತಾರೆ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಒಂದು ಗುಂಪು ಶಿವಮೊಗ್ಗದಿಂದ ವ್ಯಾಕರಣ ಮತ್ತು ಗಣಿತದ ಅಭ್ಯಾಸ ಪುಸ್ತಕ ತರಿಸೋಣ ಎನ್ನುತ್ತಿದೆ, ಇನ್ನೊಂದು ಗುಂಪಿಗೆ ಎಣಿಸುವ ಮಣಿಗಳ ಚೌಕಟ್ಟು, ಕಾರ್ಡು ಬೇಕು. ಇರುವ ನಲಿಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಯ ಪದ್ಧತಿ) ಕಾರ್ಡುಗಳು ಮಳೆಗಾಲದಲ್ಲಿ ಬೂಸು ಹಿಡಿದಿವೆ. ಏನು ಮಾಡುವುದು?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ: ಎರಡೂ ಬೇಡ. ಇಪ್ಪತ್ತರವರೆಗೆ ಮಗ್ಗಿ, ಕಾಗುಣಿತ, ದಿನಕ್ಕೊಂದು ಪುಟ ಉಕ್ತಲೇಖನ. ಮಗ್ಗಿ ಬಾಯಿಗೆ ಬಂದರೆ ನಿಮ್ಮ 52–27 ತಾನಾಗಿ ಬರುತ್ತದೆ. ನಲಿಕಲಿ ಬಂದು ಕನ್ನಡವನ್ನೇ ನಾಶ ಮಾಡಿತು. ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸಿದರೆ ಮಗು ನಾಳೆ ನಿಘಂಟು ನೋಡುವುದು ಹೇಗೆ? ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ವರದಿ ನೋಡಿ: ಎರಡನೇ ತರಗತಿಯ ಪಾಠ ಓದಬಲ್ಲ ಐದನೇ ತರಗತಿಯವರು 2018ರಲ್ಲಿ ಶೇ. 50.5 ಇದ್ದರು, 2022ರಲ್ಲಿ ಶೇ. 42.8ಕ್ಕೆ ಇಳಿದರು.

ನಲಿಕಲಿ ಟೀಚರ್, ಸಾಗರ: ‘ನಾಶ’ ಎಂದಿರಲ್ಲ ಮೇಷ್ಟ್ರೇ, ನೀವು ಕೊಟ್ಟ ಅಂಕಿ ಇಡೀ ದೇಶದ ಗ್ರಾಮೀಣ ಮಕ್ಕಳದ್ದು, ಖಾಸಗಿ ಶಾಲೆಯವರೂ ಅದರಲ್ಲಿ ಸೇರಿದ್ದಾರೆ. ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ, 2009–10ರಲ್ಲಿ ಕರ್ನಾಟಕವಿಡೀ ಬಂದದ್ದು. ಬಿಹಾರದ ಮಗುವಿನ ಓದನ್ನು ನಾವು ಹೇಗೆ ಕೆಡಿಸಿದೆವು? ನಡುವೆ ಕೋವಿಡ್‌ನಿಂದ ಶಾಲೆಗಳಿಗೆ ಬೀಗ ಬಿದ್ದಿತ್ತು ಎಂಬುದನ್ನು ಬಿಟ್ಟಿರಿ. 2024ರಲ್ಲಿ ಅದೇ ಅಂಕಿ ಶೇ. 48.8 ಆಗಿದೆ, ಅದನ್ನೂ ಬಿಟ್ಟಿರಿ. ‘ರ ಗ ಸ ದ ಅ’ ಐದೇ ಅಕ್ಷರ ಕಲಿತ ಮಗು ಅರಸ, ಅಗಸ, ದಸರ, ಗರಗಸ ಎಂದು ಓದುತ್ತದೆ. ‘ಅ ಆ ಇ ಈ’ ಕಲಿತ ಮಗು ಏನು ಓದುತ್ತದೆ?

ಪೋಷಕರಿಗೆ: ಮಕ್ಕಳು ಮೇಲಿನ 2ರಿಂದ ಕೆಳಗಿನ 7 ಹೋಗದೆಂದು 7ರಿಂದಲೇ 2 ಕಳೆದಿದ್ದಾರೆ, ಆದ್ದರಿಂದ 35. ದಶಕ ಬಿಡಿಸುವುದು ಕೈಗೆ ಬಂದಿಲ್ಲ. ಹತ್ತು ಅಡಿಕೆಯ ಐದು ಪೊಟ್ಟಣ, ಬಿಡಿಯಾಗಿ ಎರಡು ಕೊಡಿ. ಪೊಟ್ಟಣ ಬಿಚ್ಚದೆ ಏಳು ತೆಗೆಯಲಾಗದು ಎಂದು ತಾವೇ ಕಂಡುಕೊಳ್ಳುತ್ತಾರೆ. ಖರ್ಚಿಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ: 48.8 ಈಗಲೂ 50.5ಕ್ಕಿಂತ ಕಡಿಮೆಯೇ. ವ್ಯವಕಲನ ಮಾಡಿ ನೋಡಿ, ಅಡಿಕೆ ಬೇಕಾದರೆ ಕಳುಹಿಸುತ್ತೇನೆ.

ದಂತವೈದ್ಯೆ, ಶಿವಮೊಗ್ಗ: ಒಂದನೇ ತರಗತಿಯ ಮಕ್ಕಳ ಕೈಗೆ ಅಡಿಕೆಯೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ವಯಸ್ಸಿನವರು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ.

ತೋಟದಮನೆ: ಬಂತು ನೋಡಿ! ಎಣಿಸುವುದಕ್ಕೂ ಜಗಿಯುವುದಕ್ಕೂ ವ್ಯತ್ಯಾಸ ತಿಳಿಯದವರೂ ಡಾಕ್ಟರರು. ಆ ಅಧ್ಯಯನಗಳೆಲ್ಲ ಗುಟ್ಕಾ, ತಂಬಾಕು ಬೆರೆಸಿ ಮಾಡಿದವು. ನಮ್ಮ ದೇವರ ಮುಂದೆ ಇಡುವ ಅಡಿಕೆಯನ್ನು ಮಗು ಮುಟ್ಟಬಾರದೇ? ಈ ಶಾಲೆಗೆ ಬಂದ ಇಪ್ಪತ್ತು ಸಾವಿರವೂ ಅಡಿಕೆಯ ದುಡ್ಡೇ ಇರಬೇಕು.

ಹೊಸನಗರ ಪೋಷಕ: ದಾನಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅಭ್ಯಾಸ ಪುಸ್ತಕದ ವಿಚಾರ…

ತೋಟದಮನೆ: ಅವರನ್ನು ಓದಿಸಿದ್ದು ಯಾವ ದುಡ್ಡು ಎಂದು ಕೇಳಿ.

ದಂತವೈದ್ಯೆ, ಶಿವಮೊಗ್ಗ: ‘ತಂಬಾಕು ಬೆರೆಸಿ’ ಎಂಬುದು ಸುಳ್ಳು. ತಂಬಾಕಿಲ್ಲದ ಎಲೆಅಡಿಕೆಯನ್ನೂ ಅದೇ ಗುಂಪಿಗೆ ಹಾಕಿದ್ದಾರೆ. ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದವರು ನನ್ನ ಬಳಿ ಬರುತ್ತಾರೆ, ಅವರೆಲ್ಲ ಅಡಿಕೆ ಜಗಿದವರು. ನೀವು ಅವರಿಗೆ ಬಂದು ದೇವರ ಕಥೆ ಹೇಳಿ.

ತೋಟದಮನೆ: ಅದೇ ಮೊದಲ ಗುಂಪಿನಲ್ಲಿ ಸೂರ್ಯನ ಬಿಸಿಲೂ ಇದೆ. ಇನ್ನು ಮೇಲೆ ಆಟದ ಪೀರಿಯಡ್ಡಿಗೂ ಬಾಗಿಲು ಹಾಕಿಸಿ.

ದಂತವೈದ್ಯೆ, ಶಿವಮೊಗ್ಗ: ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದಲ್ಲ.

ತೋಟದಮನೆ: ಹಾಗಾದರೆ ಅಪಾಯ ದೊಡ್ಡದಲ್ಲ ಎಂದು ನೀವೇ ಒಪ್ಪಿದಿರಿ. ಉಳಿದವರು ಗಮನಿಸಿ.

ದಂತವೈದ್ಯೆ, ಶಿವಮೊಗ್ಗ: ಒಪ್ಪಿಲ್ಲ. ನಿಮಗೆ ಮೊದಲು ಓದು ಕಲಿಸಬೇಕು, ಲೆಕ್ಕ ಆಮೇಲೆ.

ಕೊಪ್ಪದ ಅಮ್ಮ: ಈ ಜಗಳದಲ್ಲಿ ವ್ಯಾಕರಣ ಎಲ್ಲಿ ಹೋಯಿತು? ನನ್ನ ಮಗಳು ಅಭ್ಯಾಸ ಪುಸ್ತಕದಲ್ಲಿ ಬಿಟ್ಟ ಸ್ಥಳ ತುಂಬಿ ತುಂಬಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ರಜೆಯ ಬಗ್ಗೆ ಬರೆ ಎಂದರೆ ‘ನಾನು ಅಜ್ಜಿ ಮನೆ ಹೋದೆ’ ಎಂದು ಬರೆದಳು. ‘ಗೆ’ ಪಟ್ಟಿಯಲ್ಲೇ ಉಳಿಯಿತು. ಅವಳೇ ಬರೆದ ವಾಕ್ಯವನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿದರೆ ತಪ್ಪು ಕಿವಿಗೆ ಬೀಳುತ್ತದೆ. ಅದಕ್ಕೆ ಬೇಕಾಗುವುದು ಬಿಳಿ ನೋಟ್‌ಬುಕ್, ಕೇಳಿಸಿಕೊಳ್ಳುವ ದೊಡ್ಡವರೊಬ್ಬರು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ: ಒಂದೇ ಉಸಿರಿನಲ್ಲಿ ಹೇಳುತ್ತಾಳಲ್ಲ, ಅದೇ ಕಂಠಪಾಠದ ಶಕ್ತಿ. ಅರ್ಥ ವಯಸ್ಸಿನೊಂದಿಗೆ ಬರುತ್ತದೆ.

ಕೊಪ್ಪದ ಅಮ್ಮ: ಮೇಷ್ಟ್ರೇ, ನಾನು ಹೇಳಿದ್ದು ಅದರ ಉಲ್ಟಾ.

ನಲಿಕಲಿ ಟೀಚರ್, ಸಾಗರ: ಮಗ್ಗಿ ಬಂದರೆ 52–27 ಹೇಗೆ ಬರುತ್ತದೆ ಎಂದು ಮೇಷ್ಟ್ರು ಇನ್ನೂ ಹೇಳಿಲ್ಲ. ಮಗ್ಗಿ ಇರುವುದು ಗುಣಾಕಾರಕ್ಕೆ, ಭಾಗಾಕಾರಕ್ಕೆ. ಡಾಕ್ಟರ್ ಮೇಡಂ, ನಾನು ಅಡಿಕೆ ಹೇಳಿದ್ದು ನಾಲ್ಕು, ಐದನೇ ತರಗತಿಗೆ. ಒಂದನೇ ತರಗತಿ ಎಂದದ್ದು ನೀವು. ಬೇಡವಾದರೆ ಹಿಡಿಕಡ್ಡಿ ಮುರಿದು ಹತ್ತರ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ.

ಅಳಗುಳಿಮಣೆ: ಹುಣಸೆ ಬೀಜ ಇರುವಾಗ ಇಷ್ಟೆಲ್ಲ ಏಕೆ? ಅಳಗುಳಿಮಣೆ ಆಡಿಸಿದರೆ ಕೂಡುವುದು, ಕಳೆಯುವುದು, ಹಂಚುವುದು ಎಲ್ಲ ಬರುತ್ತದೆ. ಗುಲಗಂಜಿ ಇನ್ನೂ ಚೆಂದ, ಕೆಂಪು ಕಪ್ಪು ಬಣ್ಣ ಮಕ್ಕಳಿಗೆ ಇಷ್ಟವಾಗುತ್ತದೆ.

ದಂತವೈದ್ಯೆ, ಶಿವಮೊಗ್ಗ: ದಯವಿಟ್ಟು ಗುಲಗಂಜಿ ಬೇಡ. ಅದು ನಿಜವಾದ ವಿಷ. ಬೀಜ ಜಜ್ಜಿ ನುಂಗಿದರೆ ಪ್ರಾಣಕ್ಕೇ ಸಂಚಕಾರ.

ತೋಟದಮನೆ: ‘ನಿಜವಾದ ವಿಷ’! ಅಂದರೆ ಅಡಿಕೆ ನಿಜವಾದ ವಿಷವಲ್ಲ. ಎರಡನೇ ಸಲ ಒಪ್ಪಿದರು. ನನ್ನ ಪ್ರಕಾರ ಬೆಟ್ಟೆ, ಸರಕು, ರಾಶಿ ಇಡಿ, ಗೊರಬಲು ಎಂದು ಅಡಿಕೆಯ ಬಗೆಗಳನ್ನು ವಿಂಗಡಿಸಲು ಕೊಟ್ಟರೆ ಅದೇ ವರ್ಗೀಕರಣದ ಪಾಠ. ಕ್ವಿಂಟಾಲಿನ ದರ ಕೊಟ್ಟು ಕಿಲೋಗೆ ಎಷ್ಟು ಎಂದು ಕೇಳಿದರೆ ನೂರರ ಭಾಗಾಕಾರ. ಮಲೆನಾಡಿನ ಮಗುವಿಗೆ ಸೇಬು, ಬಲೂನಿನ ಲೆಕ್ಕ ಏಕೆ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ: ದರದ ಲೆಕ್ಕಕ್ಕೆ ಮಗ್ಗಿ ಬೇಕು. ನಾನು ಹೇಳಿದ್ದು ಅದನ್ನೇ.

ಹೊಸನಗರ ಪೋಷಕ: ಎತ್ತು ಏರಿಗೆ, ಕೋಣ ನೀರಿಗೆ. ಸಭೆ ಶನಿವಾರ ಇದೆ. ಹಿಡಿಕಡ್ಡಿಯ ಕಟ್ಟು ಮತ್ತು ಬಿಳಿ ನೋಟ್‌ಬುಕ್ ಎಂದು ಬರೆದುಕೊಂಡಿದ್ದೇನೆ. ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿದರೆ ನಮ್ಮ ಕಡೆಯ ಮಳೆಗೆ ಎಷ್ಟು ವರ್ಷ ಬಾಳುತ್ತವೆ ಎಂದಾದರೂ ಯಾರಾದರೂ ಹೇಳಿ.

ನಲಿಕಲಿ ಟೀಚರ್, ಸಾಗರ: ಅಂಚು ಬಿಟ್ಟು ಕತ್ತರಿಸಿ. ಕಾರ್ಡಿನ ಅಳತೆಗೇ ಕತ್ತರಿಸಿದರೆ ಬದಿಯಿಂದ ನೀರು ಹೋಗಿ ಮೊದಲ ಮಳೆಗಾಲಕ್ಕೇ ಬೂಸು.

ತೋಟದಮನೆ: ಕಾರ್ಡು ಆಮೇಲೆ. ಡಾಕ್ಟರಮ್ಮ ಬಿಸಿಲಿನ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ದಂತವೈದ್ಯೆ, ಶಿವಮೊಗ್ಗ: ಉತ್ತರಿಸಿದ್ದೇನೆ. ಮೇಲೆ ಹೋಗಿ ಓದಿ.